ಕೆಲಸ ಬಿಟ್ಟ ದಿನಾಂಕ

ಬ್ರೋನಾಳ ಮೊದಲ ಸಂಬಳದ ಚೀಟಿ ಆ ಗುರುವಾರ ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲಿನ ಹಾಗೆ ಕೈಯಿಂದ ಕೈಗೆ ಹೋಯಿತು. ಅಪ್ಪ ಮೆಲ್ ಕನ್ನಡಕ ಹಣೆಗೇರಿಸಿ ನೋಡಿದ. ಅಜ್ಜಿ ಟೆಸ್ಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಎಷ್ಟು ಬರಬೇಕಿತ್ತು?” ಅಂದ ಅಪ್ಪ.

“ಹದಿನೈದು ದಿನಕ್ಕೆ ಸಾವಿರದ ನೂರೈವತ್ತು ಯೂರೋ.”

“ಬಂದಿದ್ದು?”

“ಏಳುನೂರ ನಾಲ್ಕು.”

ಅಪ್ಪ ಮೇಜು ತಟ್ಟಿ ನಕ್ಕ. “ಸರ್ಕಾರಕ್ಕೆ ನೀನು ಬಂದಿದ್ದು ಖುಷಿಯಾಗಿದೆ ಬಿಡು. ಪರದೇಶದಿಂದ ಬಂದೋರಿಗೆಲ್ಲ ಇದೇ ಮರ್ಯಾದೆ. ಕೆಳಗಿನ ಮನೆ ಹುಡುಗ ಕೆನಡಾದಿಂದ ಬಂದಾಗ ಅರ್ಧ ಸಂಬಳ ನುಂಗಿದ್ರು. ಒಂದು ಫೋನ್ ಮಾಡಿದ, ಎಲ್ಲಾ ಕಕ್ಕಿದ್ರು.”

“ಊಟದ ಹೊತ್ತಲ್ಲಿ ಕಕ್ಕೋ ಮಾತು ಯಾಕೆ?” ಎಂದಳು ಅಜ್ಜಿ.

ಅಮ್ಮ ಅಟ್ರಾಕ್ಟಾ ಮಾತ್ರ ಚೀಟಿ ಮುಟ್ಟಲಿಲ್ಲ. ಒಲೆಯ ಕಡೆ ತಿರುಗಿ ಆಲೂಗಡ್ಡೆಯ ನೀರು ಬಸಿಯುತ್ತಿದ್ದಳು. ಆ ಮನೆಯಲ್ಲಿ ಆಲೂಗಡ್ಡೆ ತಲೆಗೆ ಎರಡು, ಅದು ಅಮ್ಮನ ಲೆಕ್ಕ. ಜನವರಿಯ ಕೊನೆಯಲ್ಲಿ ಬ್ರೋನಾ ಆಸ್ಟ್ರೇಲಿಯಾದಿಂದ ಹಿಂತಿರುಗಿದ ಸಂಜೆ ಪಾತ್ರೆಗೆ ಎಂಟು ಹಾಕಿ, “ಐದು ವರ್ಷ ಆರೇ ಹಾಕಿ ಹಾಕಿ ಕೈ ಸೋತುಹೋಗಿತ್ತು” ಎಂದು ಸೆರಗಿಲ್ಲದ ಕಾರಣ ಅಡುಗೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಿದ್ದಳು.

“ನಂಗೆ ಕೊಡು, ನಾನು ನೋಡ್ತೀನಿ,” ಎಂದಳು ಈಗ, ತಿರುಗದೆ.

“ನನ್ನ ಬಿಟ್ಟು ಬೇರೆಯವರ ಹತ್ರ ತೆರಿಗೆಯವರು ಮಾತಾಡಲ್ಲಮ್ಮ.”

“ಹಾಗಾದ್ರೆ ಕಾಯಿ. ಇನ್ನೊಂದು ಚೀಟಿ ಬರೋ ಹೊತ್ತಿಗೆ ತಾನೇ ಸರಿಹೋಗುತ್ತೆ. ಅವರನ್ನ ಈಗಲೇ ಕೆಣಕಬೇಡ.”

ಮನೆಯ ದುಡ್ಡಿನ ವಿಷಯದಲ್ಲಿ ಅಮ್ಮನ ಮಾತೇ ಕೊನೆ. ಗಿಲ್‌ಹೂಲಿಗಳದ್ದು ಮೂರು ಬಸ್ಸು. ಲೀಟ್ರಿಮ್ ಜಿಲ್ಲೆಯ ಆ ಮೂಲೆಯ ಮಕ್ಕಳನ್ನೆಲ್ಲ ಶಾಲೆಗೆ ಒಯ್ದು ತರುವ ಸರ್ಕಾರಿ ಗುತ್ತಿಗೆ. ಒಂದನ್ನು ಅಪ್ಪ ಓಡಿಸುತ್ತಿದ್ದ, ಇನ್ನೊಂದನ್ನು ಅಣ್ಣ ಫಿಂಟನ್, ಮೂರನೆಯದಕ್ಕೆ ಸಂಬಳದ ಡ್ರೈವರ್. ಲೆಕ್ಕಪತ್ರವೆಲ್ಲ ಅಮ್ಮನದು. ಸೋಮವಾರ ಬೆಳಿಗ್ಗೆ ಇದೇ ಮೇಜನ್ನು ಒರೆಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಮಧ್ಯಾಹ್ನದ ತನಕ ಯಾರೂ ಚಹಾ ಕೂಡ ಕೇಳುವಂತಿರಲಿಲ್ಲ.

ಬ್ರೋನಾ ಕಾದಳು. ಪರ್ತ್‌ನಲ್ಲಿದ್ದಾಗ ದಂತವೈದ್ಯರ ಸಹಾಯಕಿಯಾಗಿದ್ದವಳು ಈಗ ಕ್ಯಾರಿಕ್ ಪೇಟೆಯ ಒಬ್ಬ ದಂತವೈದ್ಯೆಯ ಹತ್ತಿರ ಅದೇ ಕೆಲಸಕ್ಕೆ ಸೇರಿದ್ದಳು. ಈಸ್ಟರ್ ಹೊತ್ತಿಗೆ ಪೇಟೆಯಲ್ಲೇ ಒಂದು ಕೋಣೆಯ ಮನೆ ಹಿಡಿಯಬೇಕೆಂದು ಮನಸ್ಸು. ಮುಂಗಡಕ್ಕೆ ಎರಡು ತಿಂಗಳ ಬಾಡಿಗೆ ಬೇಕು. ಎರಡನೆಯ ಚೀಟಿ ಬಂತು. ಮತ್ತೆ ಏಳುನೂರ ನಾಲ್ಕು.

ಮರುದಿನ ಮಧ್ಯಾಹ್ನ ಬಿಡುವಿನಲ್ಲಿ ಕಾರಿನೊಳಗೆ ಕೂತು, ತೊಡೆಯ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟುಕೊಂಡು ತೆರಿಗೆ ಕಚೇರಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಪಿಟೀಲು ಸಂಗೀತ. ಆಮೇಲೆ ಕೆರಿ ಜಿಲ್ಲೆಯ ಮಾತಿನ ರಾಗವಿದ್ದ ಒಂದು ಹೆಂಗಸಿನ ದನಿ.

“ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ನಿಮ್ಮ ತೆರಿಗೆ ಕ್ರೆಡಿಟ್ಟು ಪೂರ್ತಿ ಮೊದಲನೇ ಕೆಲಸಕ್ಕೆ ಹೋಗಿದೆ. ವರ್ಷಕ್ಕೆ ಒಬ್ಬರಿಗೆ ಇಷ್ಟು ಅಂತ ತೆರಿಗೆ ಬಿಟ್ಟುಕೊಡ್ತೀವಿ. ಅದು ಒಂದು ಕಡೆ ಖರ್ಚಾದ ಮೇಲೆ ಇನ್ನೊಂದು ಕಡೆಗೆ ಉಳಿಯಲ್ಲ ನೋಡಿ.”

“ಮೊದಲನೇ ಕೆಲಸ ಯಾವುದು? ನಂಗೆ ಇರೋದೇ ಒಂದು ಕೆಲಸ.”

ಆ ಕಡೆ ಕೀಲಿಗಳ ಟಕಟಕ ಸದ್ದು. “ಗಿಲ್‌ಹೂಲಿ ಬಸ್ಸು. ಶಾಲಾ ಬಸ್ಸಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ. ವಾರಕ್ಕೆ ಮುನ್ನೂರ ಐವತ್ತು. ಹೋದ ಶುಕ್ರವಾರವೂ ಸಂಬಳ ಹಾಕಿದ್ದಾರಲ್ಲ?”

“ಯಾವಾಗಿಂದ?”

“ಐದು ವರ್ಷದ ಮೇಲಾಯ್ತು. ಸೇರಿದ್ದು ಅಕ್ಟೋಬರ್ ಐದು. ಒಂದು ವಾರವೂ ತಪ್ಪಿಸಿಲ್ಲ ನೀವು. … ಹಲೋ? ಲೈನಲ್ಲಿದ್ದೀರಾ?”

ಅಕ್ಟೋಬರ್ ನಾಲ್ಕು ಬ್ರೋನಾ ವಿಮಾನ ಹತ್ತಿದ ದಿನ.

“ಕ್ರೆಡಿಟ್ಟು ಈ ಕಡೆ ತಿರುಗಿಸಬೇಕಂದ್ರೆ ಸುಲಭ,” ಎಂದಿತು ಆ ದನಿ, ಸಮಾಧಾನ ಹೇಳುವಂತೆ. “ಬಸ್ಸಿನ ಕೆಲಸ ಯಾವತ್ತು ಬಿಟ್ಟಿರಿ ಅಂತ ದಿನಾಂಕ ಹೇಳಿ ಸಾಕು.”

“ಆಮೇಲೆ ಮಾಡ್ತೀನಿ,” ಎಂದು ಬ್ರೋನಾ ಫೋನ್ ಇಟ್ಟಳು. ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಮತ್ತೆ ಸುತ್ತಿಟ್ಟಳು. ಹೊರಟ ದಿನ ಬೆಳಿಗ್ಗೆ ಅಪ್ಪ ತಿಂಡಿ ತಟ್ಟೆಯ ಪಕ್ಕ ಒಂದು ಕಾಗದ ಸರಿಸಿದ್ದು ಈಗ ಕಣ್ಣ ಮುಂದೆ ಬಂತು. “ಇಲ್ಲೊಂದು ಸಹಿ ಹಾಕು ಮಗಳೇ. ಬಸ್ಸಲ್ಲಿ ಕೂರೋರಿಗೆ ಪೊಲೀಸ್ ತಪಾಸಣೆ ಫಾರಮ್ಮು. ನಾಳೆ ಅಲ್ಲಿ ಸರಿಹೋಗದೆ ವಾಪಸ್ ಬಂದ್ರೆ ಇರ್ಲಿ.” ವಾಪಸ್ ಬಂದರೆ ಇರಲಿ ಎಂದ ಆ ಮಾತಿಗೇ ಅವಳಿಗೆ ಅಳು ಬಂದಿತ್ತು. ಕಾಗದ ಓದದೆ ಸಹಿ ಹಾಕಿದ್ದಳು.

ಅವಳು ಮನೆಗೆ ಬಂದಾಗ ಅಂಗಳದಲ್ಲಿ ಬಸ್ಸು ನಿಂತಿತ್ತು. ಅದರಿಂದ ಅತ್ತಿಗೆ ಮಜೆಲ್ಲಾ ಹಳದಿ ಅಂಗಿ ಕಳಚುತ್ತಾ ಇಳಿದು, ಎದುರಿನ ತನ್ನ ಹೊಸ ಮನೆಗೆ ಹೋದಳು. ಅಮ್ಮ ಪೇಟೆಗೆ ಹೋಗಿದ್ದಳು. ಅಜ್ಜಿ ಒಲೆಯ ಬಳಿ ಕೂತು ಕಾಲುಚೀಲ ಹೊಲಿಯುತ್ತಿದ್ದಳು.

“ಅಜ್ಜಿ, ನಮ್ಮ ಬಸ್ಸಲ್ಲಿ ಮಕ್ಕಳನ್ನ ನೋಡ್ಕೊಳ್ಳೋದು ಯಾರು?”

“ಈಗ ಇಳಿದು ಹೋದಳಲ್ಲ, ನಿನ್ನ ಕಣ್ಣೆಲ್ಲಿತ್ತು?”

“ಕಾಗದದಲ್ಲಿ ಯಾರು?”

ಸೂಜಿ ನಿಂತಿತು. “ಕಾಗದದಲ್ಲಿ ನೀನು. ನೀನೇ ಒಪ್ಪಿದ್ದೆಯಂತಲ್ಲ? ನಿಮ್ಮಮ್ಮ ಹೇಳಿದಳು. ಅಜ್ಜಿಗೊಂದು ಮಾತು ಹೇಳದೆ ಇಂಥದ್ದಕ್ಕೆ ಒಪ್ಪಿದಳಲ್ಲ ಅಂತ ನಾನು ನಿನ್ನ ಮೇಲೆ ಒಂದು ವರ್ಷ ಸಿಟ್ಟಿಟ್ಕೊಂಡಿದ್ದೆ. ಫೋನಲ್ಲಿ ಮಾತಾಡ್ತಿರಲಿಲ್ಲ ನೋಡು, ಕಿವಿ ಕೇಳಲ್ಲ ಅಂತ ನೆವ ಹೇಳಿ.”

“ನಂಗೆ ಇವತ್ತು ಗೊತ್ತಾಯ್ತಜ್ಜಿ.”

ಮುದುಕಿ ತುಂಬ ಹೊತ್ತು ಮೊಮ್ಮಗಳ ಮುಖ ನೋಡಿದಳು. ಆಮೇಲೆ ಗದ್ದ ಎತ್ತಿ ಪಾತ್ರೆಗಳ ಕಪಾಟಿನ ನೆತ್ತಿ ತೋರಿಸಿದಳು. ಅಲ್ಲಿ ಕ್ರಿಸ್ಮಸ್ ಮಿಠಾಯಿಯ ಹಳೇ ಡಬ್ಬಿಯೊಂದಿತ್ತು.

ಡಬ್ಬಿಯಲ್ಲಿ ಬ್ರೋನಾಳ ಹೆಸರಿಗೆ ಬಂದ ಐದು ವರ್ಷದ ಕಾಗದ, ವರ್ಷಕ್ಕೊಂದು ರಬ್ಬರ್‌ಬ್ಯಾಂಡು ಹಾಕಿ, ಒಪ್ಪವಾಗಿ. ಅಡಿಯಲ್ಲಿ ಊರಿನ ಸಹಕಾರಿ ಬ್ಯಾಂಕಿನ ಪಾಸ್‌ಬುಕ್ಕು. ಅದರ ಮೇಲೆ ಅವಳ ಹೆಸರು, ಜೊತೆಗೆ ಅಮ್ಮನ ಹೆಸರು. ವಾರವಾರ ಮುನ್ನೂರ ಐವತ್ತು ಒಳಗೆ, ತಿಂಗಳಿಗೋ ಎರಡು ತಿಂಗಳಿಗೋ ದೊಡ್ಡ ಮೊತ್ತ ಹೊರಗೆ. ಹೊರಗೆ ಹೋದದ್ದರ ಪಕ್ಕ ಅಮ್ಮನ ದುಂಡು ಅಕ್ಷರದಲ್ಲಿ ಪೆನ್ಸಿಲ್ ಗುರುತು: ಫಿಂಟನ್ ಪಾಯ. ಫಿಂಟನ್ ಕಿಟಕಿ. ಫಿಂಟನ್ ಛಾವಣಿ. ಉಳಿದಿದ್ದು ಹನ್ನೊಂದು ಯೂರೋ.

ಅಂದು ಶುಕ್ರವಾರ. ಭಾನುವಾರದ ತನಕ ಅವಳು ಬಾಯಿ ಬಿಡಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಫಿಂಟನ್ ಮತ್ತು ಮಜೆಲ್ಲಾ ಊಟಕ್ಕೆ ಬರುವುದು ರೂಢಿ. ಪಾತ್ರೆಯಲ್ಲಿ ಹನ್ನೆರಡು ಆಲೂಗಡ್ಡೆ, ಓವನ್ನಿನಲ್ಲಿ ಕುರಿಯ ತೊಡೆ. ಎಲ್ಲರ ತಟ್ಟೆ ತುಂಬಿದ ಮೇಲೆ ಬ್ರೋನಾ ಎದ್ದು ಡಬ್ಬಿ ತಂದು ಗ್ರೇವಿಯ ಪಕ್ಕ ಇಟ್ಟಳು.

“ಮಿಠಾಯಿ ಈಗಲೇ ಯಾಕೆ?” ಎಂದ ಫಿಂಟನ್. ಅಮ್ಮನ ಮುಖ ನೋಡಿ, ಚಾಚಿದ ಕೈ ಹಿಂತೆಗೆದ.

“ನಾನು ಐದು ವರ್ಷ ಈ ಬಸ್ಸಲ್ಲಿ ಕೆಲಸ ಮಾಡಿದ್ದೀನಂತೆ. ಒಂದು ದಿನವೂ ರಜೆ ಹಾಕಿಲ್ಲವಂತೆ. ನಂಗೊಂದು ಬಹುಮಾನ ಕೊಡಬಹುದಿತ್ತು ನೀವು.”

ಅಪ್ಪ ಚಾಕು ಕೆಳಗಿಟ್ಟ. “ನೋಡು, ಅದು ನಿನ್ನ ದುಡ್ಡಲ್ಲ. ಬಸ್ಸಿನ ದುಡ್ಡು. ಡೀಸೆಲ್ ಬೆಲೆ ಏರಿದ ವರ್ಷ ಮುಳುಗಿ ಹೋಗ್ತಿದ್ವಿ. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದ್ವಿ, ಅಷ್ಟೇ. ನಿನ್ನದೊಂದು ಸೆಂಟೂ ಮುಟ್ಟಿಲ್ಲ.”

“ಹೆಸರು ಮುಟ್ಟಿದ್ದೀರಿ.”

“ಈ ಊರಲ್ಲಿ ಯಾರು ಮಾಡಲ್ಲ ಹೇಳು! ಗ್ಯಾರೇಜಿನವನ ನಾಯಿ ಕೂಡ ಸಂಬಳದ ಪಟ್ಟಿಯಲ್ಲಿದೆ.”

“ನಾಯಿಯನ್ನ ಕೇಳಿ ಹಾಕಿದ್ರಾ?”

“ಪಿಂಚಣಿಯ ಸ್ಟಾಂಪು ಓಡ್ತಿತ್ತು ನಿನ್ನದು!” ಅಮ್ಮನ ದನಿ ಏರಿತು. “ವಾರವಾರ ವಿಮೆ ಕಟ್ಟಿದ್ದೀವಿ. ಐದು ವರ್ಷದ ಸ್ಟಾಂಪು! ಅರವತ್ತಾರಕ್ಕೆ ಪಿಂಚಣಿ ಎಣಿಸ್ಕೊಳ್ಳೋವಾಗ ಈ ಅಮ್ಮನ್ನ ನೆನೆಸ್ಕೊಳ್ತೀಯ. ಆ ಕ್ರೆಡಿಟ್ಟು ಯಾರಿಗೂ ಬೇಡದೆ ಕೊಳೀತಾ ಬಿದ್ದಿತ್ತು. ಮರದ ಕೆಳಗೆ ಬಿದ್ದ ಸೇಬು. ಆರಿಸಿಕೊಂಡೆ. ತಪ್ಪಾ?”

“ಬಸ್ಸಲ್ಲಿ ಕೂತಿದ್ದು ನಾನು,” ಎಂದಳು ಮಜೆಲ್ಲಾ ಇದ್ದಕ್ಕಿದ್ದಂತೆ, ತಟ್ಟೆ ನೋಡುತ್ತಾ. “ವಾಂತಿ ಒರೆಸಿದ್ದು ನಾನು. ಬಸ್ಸಿನ ಒಂದು ಸ್ಟಾಂಪೂ ನನ್ನ ಹೆಸರಲ್ಲಿ ಇಲ್ಲ.”

“ನಿನ್ನ ಕ್ರೆಡಿಟ್ಟು ಅಂಗಡಿ ಕೆಲಸಕ್ಕೆ ಹೋಗ್ತಿತ್ತಲ್ಲೇ. ನಿಂಗೆ ಮನೆ ಬಂತಲ್ಲ,” ಎಂದ ಫಿಂಟನ್.

ಎಲ್ಲರೂ ಕಿಟಕಿಯಾಚೆ ನೋಡಿದರು. ಅಂಗಳದ ಆ ಕಡೆ, ನೀಲಿ ಕಲ್ಲುಹಲಗೆಯ ಛಾವಣಿ ಹೊದ್ದು ಮನೆ ನಿಂತಿತ್ತು.

ಬ್ರೋನಾ ಪಾಸ್‌ಬುಕ್ಕು ಬಿಡಿಸಿದಳು. “ಛಾವಣಿಗೆ ಮುಂಗಡ. ಒಂಬತ್ತು ಸಾವಿರ. ಮೂರು ವರ್ಷದ ಹಿಂದೆ, ನವೆಂಬರ್ ಹತ್ತೊಂಬತ್ತು.” ಅಮ್ಮನ ಕಡೆ ತಿರುಗಿದಳು. “ಆ ವಾರ ನಾನು ನಿಂಗೆ ಫೋನ್ ಮಾಡಿದ್ದೆ. ನೆನಪಿದೆಯಾ?”

ಅಮ್ಮ ಗ್ರೇವಿಯ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

“ಜೊತೆಗಿದ್ದ ಡೆಕ್ಲನ್ ನನ್ನ ಬಿಟ್ಟು ಹೋಗಿದ್ದ. ಬಾಡಿಗೆ ಮನೆ ಅವನ ಹೆಸರಲ್ಲಿತ್ತು. ಎರಡು ಪೆಟ್ಟಿಗೆ ಇಟ್ಕೊಂಡು ಯಾರದೋ ಸೋಫಾ ಮೇಲೆ ಮಲಗಿದ್ದೆ. ‘ಅಮ್ಮ, ನಾನು ಮನೆಗೆ ಬರ್ತೀನಿ’ ಅಂದೆ. ನೀನೇನಂದೆ?”

“ಬ್ರೋನಾ, ಸಾಕು,” ಎಂದ ಅಪ್ಪ.

“‘ಇಲ್ಲಿ ಬಂದು ಏನು ಮಾಡ್ತೀಯ, ಕೆಲಸವಿಲ್ಲ ಕಾರ್ಯವಿಲ್ಲ, ಮಳೆ ಬಿಟ್ರೆ ಏನೂ ಇಲ್ಲ’ ಅಂದೆ. ‘ಗಟ್ಟಿಯಾಗು, ಇನ್ನೊಂದು ವರ್ಷ ತಡಕೋ’ ಅಂದೆ. ನನ್ನ ಒಳ್ಳೆಯದಕ್ಕೆ ಹೇಳ್ತಿದ್ದಾಳೆ ಅಂದ್ಕೊಂಡೆ ನಾನು. ನಾನು ಬಂದಿದ್ರೆ ನನ್ನ ಕ್ರೆಡಿಟ್ಟು ನಂಗೇ ಬೇಕಾಗ್ತಿತ್ತು. ಅಲ್ವಾ?”

ಅಮ್ಮ ಫಿಂಟನ್‌ನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಬಡಿಸಿದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದರೂ ಬಡಿಸಿದಳು.

“ಒಂದೇ ಒಂದು ವರ್ಷ ತಾನೇ ಕೇಳಿದ್ದು ನಾನು,” ಎಂದಳು. “ಛಾವಣಿ ಹಾಕೋವರೆಗೆ.”

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ; ಮೇಯುವಾಗ ಬೇಲಿ ಇಷ್ಟು ಸಮಾಧಾನದಿಂದ ಇರುತ್ತದೆಂದು ಬ್ರೋನಾಗೆ ಗೊತ್ತಿರಲಿಲ್ಲ. ಅವಳು ತನ್ನ ತಟ್ಟೆಯನ್ನು ಸಿಂಕಿಗೆ ಒಯ್ದಿಟ್ಟು, ಮೇಲಿನ ಕೋಣೆಗೆ ಹೋದಳು. ಕೆಳಗೆ ಅಜ್ಜಿಯ ದನಿ ಕೇಳಿಸಿತು: “ಮೇಜಿನ ಮೇಲಿಂದ ಆ ಡಬ್ಬಿ ತೆಗೀರಿ. ನಂಗೆ ಊಟ ಸೇರಲ್ಲ.”

ಆಮೇಲಿನ ಎರಡು ವಾರ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಬ್ರೋನಾಳ ಬಟ್ಟೆಯನ್ನು ಮಾತ್ರ ಮೆಷಿನ್ನಿನಿಂದ ತೆಗೆದು ಒದ್ದೆಯಾಗಿಯೇ ಬಕೆಟ್ಟಿನಲ್ಲಿ ಬಿಟ್ಟಿರುತ್ತಿದ್ದರು. ಅಪ್ಪ ಒಂದು ಬೆಳಿಗ್ಗೆ ಹೇಳದೆ ಕೇಳದೆ ಅವಳ ಕಾರಿನ ವೈಪರ್ ಬದಲಿಸಿದ. ಅವಳು ಹೊರಡುವಾಗ ಗಾಜು ತಟ್ಟಿ, “ಆ ಫಾರಮ್ಮು... ಆವತ್ತು ನಾನೂ ಓದಿರಲಿಲ್ಲ ಕಣೇ,” ಎಂದ.

“ಅದರಲ್ಲಿ ನಿನ್ನ ಸಹಿಯೂ ಇತ್ತಪ್ಪ. ಯಜಮಾನ ಅಂತ.”

“ಯಜಮಾನ ಸಹಿ ಹಾಕ್ತಾನೆ, ಯಜಮಾನಿ ಓದ್ತಾಳೆ,” ಎಂದು ನಗಲು ನೋಡಿದ. ನಗು ಬರಲಿಲ್ಲ.

ಮೂರನೆಯ ಚೀಟಿ ಬಂದ ಗುರುವಾರ ಅಡುಗೆಮನೆಯಲ್ಲಿ ಸೇಬಿನ ಟಾರ್ಟಿನ ಘಮ. ಚಿಕ್ಕಂದಿನಿಂದ ಅದು ಬ್ರೋನಾಳ ಹುಟ್ಟುಹಬ್ಬದ ತಿಂಡಿ. ಚೀಟಿಯಲ್ಲಿ ಸಾವಿರದ ಮುನ್ನೂರ ಹನ್ನೆರಡು. ಅವಳ ಸಂಬಳ ಪೂರ್ತಿ, ಮೊದಲು ಕಿತ್ತುಕೊಂಡದ್ದರಲ್ಲಿ ಸ್ವಲ್ಪ.

“ನೋಡಿದ್ಯಾ,” ಎಂದಳು ಅಮ್ಮ, ದೊಡ್ಡ ತುಂಡು ಕತ್ತರಿಸುತ್ತಾ. “ಸೋಮವಾರ ಕೂತು ಎಲ್ಲಾ ಸರಿಮಾಡಿದೆ. ನೀನು ಕೆಲಸ ಬಿಟ್ಟೆ ಅಂತ ಹಾಕಿದೆ. ಮುಗೀತು. ಇನ್ನು ನಿನ್ನ ಕ್ರೆಡಿಟ್ಟು ನಿಂಗೆ. ತಿನ್ನು.”

ಒಂದು ಗಳಿಗೆ ಬ್ರೋನಾಗೆ ತಿಂದುಬಿಡೋಣ ಅನ್ನಿಸಿತು. ಹಸಿವಾಗಿತ್ತು. ಮುಂಗಡದ ದುಡ್ಡು ಇನ್ನು ಕೂಡುತ್ತದೆ. ಟಾರ್ಟಿನ ಮೇಲೆ ಸಕ್ಕರೆ ಮಿನುಗುತ್ತಿತ್ತು.

“ಬಿಟ್ಟ ದಿನಾಂಕ ಯಾವುದು ಹಾಕಿದೆಯಮ್ಮ?”

“ಮಾರ್ಚ್ ಹದಿಮೂರು. ಯಾವುದಾದ್ರೇನು?”

“ನಾನು ಆವತ್ತು ಬಿಟ್ಟಿಲ್ಲ. ದಂತವೈದ್ಯೆ ಹತ್ರ ಸೇರುವಾಗ ಜನವರಿ ಇಪ್ಪತ್ತೆಂಟಕ್ಕೆ ದೇಶಕ್ಕೆ ಬಂದೆ ಅಂತ ನನ್ನ ಕೈಯಾರೆ ಬರೆದು ಕೊಟ್ಟಿದ್ದೀನಿ. ನಿನ್ನ ಲೆಕ್ಕದಲ್ಲಿ ನಾನು ದೇಶ ಬಿಟ್ಟೇ ಇಲ್ಲ. ಎರಡಕ್ಕೂ ಹೆಸರು ನಂದು. ಯಾವತ್ತೋ ಒಂದಿನ ಯಾರೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ, ಸುಳ್ಳಿ ಅಂತ ಯಾರನ್ನ ಹಿಡೀತಾರೆ? ನಿನ್ನನ್ನಲ್ಲ.”

“ಯಾರೂ ನೋಡಲ್ಲ.”

“ನಿಜವಾದ ದಿನ ಹಾಕು. ಈಸ್ಟರ್ ತನಕ ಟೈಮಿದೆ. ತಾವಾಗೇ ಹೋಗಿ ಒಪ್ಪಿಕೊಂಡೋರಿಗೆ ದಂಡ ಕಡಿಮೆಯಂತೆ. ನೀವು ಹೋಗದಿದ್ರೆ ನಾನು ಹೇಳ್ತೀನಿ.”

ಆ ಸಂಜೆ ಫಿಂಟನ್ ಬಂದು ಬಾಗಿಲಲ್ಲೇ ನಿಂತು ಕೂಗಾಡಿದ. “ಆಸ್ಟ್ರೇಲಿಯಾದ ಬಿಸಿಲು ನಿನ್ನ ತಲೆಗೇರಿದೆ! ಗುತ್ತಿಗೆ ಹೋದ್ರೆ ಏನು ಗೊತ್ತಾ? ಅಪ್ಪನ ಮೂವತ್ತು ವರ್ಷದ ರೂಟು. ನನ್ನ ಸಾಲ. ಒಂದು ದಿನಾಂಕಕ್ಕೋಸ್ಕರ?”

“ಒಂದು ದಿನಾಂಕ ತಾನೇ? ಹಾಗಾದ್ರೆ ಸರಿಯಾಗಿ ಬರೆಯೋಕೆ ನಿಮಗೇನು ಕಷ್ಟ?”

“ಮನೆಯವರನ್ನ ಹಿಡಿದುಕೊಡೋ ಮಗಳು! ಊರಲ್ಲಿ ಮುಖ ಹೇಗೆ ತೋರಿಸ್ತೀಯ?”

“ಊರಲ್ಲಿ ಐದು ವರ್ಷದಿಂದ ನನ್ನ ಮುಖ ಬಸ್ಸಲ್ಲಿ ಕಾಣಿಸ್ತಾ ಇತ್ತಲ್ಲ ಅಣ್ಣ. ಯಾರಿಗೂ ಅನುಮಾನ ಬಂದಿಲ್ಲ.”

ಅವಳು ಮಾಡಲಾರಳು ಎಂದೇ ಮನೆಯವರು ಎಣಿಸಿದರು. ಬ್ರೋನಾ ಮೊದಲಿನಿಂದ ಮೆತ್ತನೆಯವಳು. ಸಿಟ್ಟು ಬಂದರೆ ಮೇಲೆ ಹೋಗಿ ಮಲಗುವವಳು. ಅಮ್ಮ ಸೋಮವಾರ ಲೆಕ್ಕಕ್ಕೆ ಕೂತಾಗಲೆಲ್ಲ ಬ್ರೋನಾ ಎದುರಿನ ಕುರ್ಚಿಯಲ್ಲಿ ಒಂದು ನಿಮಿಷ ಕೂತು ಕಾಯುತ್ತಿದ್ದಳು, ಕೆಲಸಕ್ಕೆ ಹೊರಡುವ ಮುಂಚೆ. ಅಮ್ಮ ತಲೆ ಎತ್ತುತ್ತಿರಲಿಲ್ಲ.

ಈಸ್ಟರ್ ಹಿಂದಿನ ವಾರ ಶಾಲೆಗೆ ರಜೆ ಬಂತು. ಮೂರೂ ಬಸ್ಸು ಅಂಗಳದಲ್ಲಿ ಸಾಲಾಗಿ ನಿಂತವು. ಗುರುವಾರ ದಂತವೈದ್ಯೆಯೂ ಬಾಗಿಲು ಹಾಕಿದ್ದಳು. ಬೆಳಿಗ್ಗೆ ಹತ್ತೂವರೆಗೆ ಬ್ರೋನಾ ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ, ಸ್ಪೀಕರ್ ಹಾಕಿದಳು. ಪಿಟೀಲು ಸಂಗೀತ ಶುರುವಾಯಿತು. ಸಿಂಕಿನ ಮುಂದೆ ಅಮ್ಮ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಒಲೆಯ ಹತ್ತಿರ ಅಜ್ಜಿ, ಮಡಿಲಲ್ಲಿ ಪತ್ರಿಕೆ. ಹದಿನಾರು ನಿಮಿಷ ಆ ಸಂಗೀತ ಮೂವರೂ ಕೇಳಿದರು. ಅಷ್ಟರಲ್ಲಿ ಅಮ್ಮ ಒಂದು ಮಾತು ಆಡಿದ್ದರೆ ಬ್ರೋನಾ ಫೋನ್ ಇಟ್ಟುಬಿಡುತ್ತಿದ್ದಳೇನೋ. ಚಾಕು ನಿಲ್ಲದೆ ಆಡುತ್ತಿತ್ತು.

ಈ ಸಲ ಒಬ್ಬ ಗಂಡಸಿನ ದನಿ. ಹೆಸರು, ನಂಬರು, ಹುಟ್ಟಿದ ದಿನ ಎಲ್ಲ ಕೇಳಿ, “ಏನಾಗಬೇಕಿತ್ತು?” ಎಂದ.

“ಗಿಲ್‌ಹೂಲಿ ಬಸ್ಸಿನಲ್ಲಿ ನಾನು ಕೆಲಸ ಬಿಟ್ಟ ದಿನಾಂಕ ತಪ್ಪಾಗಿದೆ. ತಿದ್ದಬೇಕು.”

“ಇಲ್ಲಿ ಮಾರ್ಚ್ ಹದಿಮೂರು ಅಂತಿದೆ. ಸರಿಯಾದ ದಿನ ಯಾವುದು?”

ಬ್ರೋನಾ ತಲೆ ಎತ್ತಿದಳು. “ಅಮ್ಮ, ನಾನು ಮನೆ ಬಿಟ್ಟು ಹೋದ ದಿನ ಯಾವುದು?”

ಸಿಪ್ಪೆ ಸುರುಳಿಯಾಗಿ ಸಿಂಕಿಗೆ ಬಿತ್ತು. ಆ ದಿನ ಅಮ್ಮನೇ ಅವಳನ್ನು ವಿಮಾನ ನಿಲ್ದಾಣದ ಬಾಗಿಲ ತನಕ ಬಿಟ್ಟಿದ್ದಳು, ಮಗಳ ಕೋಟಿನ ಗುಂಡಿ ತಾನೇ ಹಾಕಿದ್ದಳು.

“ಮಾರ್ಚ್ ಹದಿಮೂರು,” ಎಂದಳು ಅಮ್ಮ, ಮುಖ ತಿರುಗಿಸದೆ.

“ಅಟ್ರಾಕ್ಟಾ,” ಎಂದಳು ಅಜ್ಜಿ, ಮೆಲ್ಲಗೆ.

“ಮಾರ್ಚ್ ಹದಿಮೂರು ಅಂದೆನಲ್ಲ.”

ಬ್ರೋನಾ ಫೋನಿಗೆ ಬಾಗಿದಳು. “ಅಕ್ಟೋಬರ್ ನಾಲ್ಕು. ಐದು ವರ್ಷದ ಹಿಂದಿನದು.”

ಆ ಕಡೆ ಕೀಲಿಗಳ ಟಕಟಕ. “ಅಲ್ಲ, ನೀವು ಸೇರಿರೋದೇ ಐದಕ್ಕೆ ಅಲ್ವಾ? ಸೇರೋದಕ್ಕೆ ಒಂದು ದಿನ ಮುಂಚೆ ಬಿಟ್ಟಿರಾ?”

“ಹೌದು. ಆವತ್ತಿಂದ ಈ ಜನವರಿವರೆಗೆ ನಾನು ಪರ್ತ್‌ನಲ್ಲಿದ್ದೆ. ಆ ಬಸ್ಸಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ.”

ಟಕಟಕ ಸದ್ದು ನಿಂತಿತು. “ಗಿಲ್‌ಹೂಲಿ,” ಎಂದ ಅವನು ನಿಧಾನವಾಗಿ. “ನಿಮ್ಮ ಮನೆಯವರದ್ದಾ ಈ ಬಸ್ಸು?”

“ಮನೆಯವರದ್ದೇ.”

“ಇದನ್ನ ಬರೆದುಕೊಂಡ್ರೆ ನಾನು ಮುಂದಕ್ಕೆ ಕಳಿಸಬೇಕಾಗುತ್ತೆ, ನೋಡಿ. ಬರೆದುಕೊಳ್ಳಲಾ?”

“ಬರೆದುಕೊಳ್ಳಿ,” ಎಂದಳು ಬ್ರೋನಾ.

ಅಮ್ಮ ಚಾಕು ತೊಳೆದಿಟ್ಟಳು. ನೀರು ತುಂಬಿದ ಪಾತ್ರೆಯೊಳಗೆ ಕೈ ಹಾಕಿ, ಸುಲಿದ ಎಂಟರಲ್ಲಿ ಎರಡು ಆಲೂಗಡ್ಡೆ ಹೊರತೆಗೆದು, ಬಟ್ಟೆಯಲ್ಲಿ ಒರೆಸಿ, ಪಕ್ಕದ ತಟ್ಟೆಯಲ್ಲಿ ಇಟ್ಟಳು. ಆಮೇಲೆ ಪಾತ್ರೆಯನ್ನು ಒ‍ಲೆಗೇರಿಸಿದಳು.